ಗಂಜಿ ಹಾಕುವ ಫಕೀರವ್ವನ ಮನೆಯಲ್ಲಿ ಬೆಕ್ಕಿನ ಮುನಿಸು

ಮಸಗುಪ್ಪಿಯ ಕುರುಬರ ಓಣಿಯಲ್ಲಿ ಕೋಳಿ ಕೂಗಿ ಇನ್ನೂ ಬಾಯಿ ಮುಚ್ಚಿಲ್ಲ. ಅಷ್ಟರಲ್ಲೇ ಫಕೀರವ್ವ ಸೆರಗು ಬಿಗಿದು ಬೀದಿಗಿಳಿದಿದ್ದಾಳೆ. ಎರಡು ಗೂಟಗಳ ನಡುವೆ ಹದಿನೈದು ಮೊಳ ಉದ್ದಕ್ಕೆ, ಮಗ್ಗಕ್ಕೇರಿಸುವ ಕರಿ ಉಣ್ಣೆ ನೂಲಿನ ಹಾಸು ಬಿಗಿದು ನಿಂತಿದೆ. ಹುಣಸೆ ಬೀಜದ ಗಂಜಿಯಲ್ಲಿ ಕುಂಚ ಅದ್ದಿ, ಎಳೆ ಎಳೆಗೂ ಸವರುತ್ತ ಆಕೆ ಆ ತುದಿಗೆ ಹೋಗುತ್ತಾಳೆ, ಈ ತುದಿಗೆ ಬರುತ್ತಾಳೆ. ಬಿಸಿಲೇರುವುದರೊಳಗೆ ಇದು ಮುಗಿಯಬೇಕು. ತಡವಾದರೆ ಗಂಜಿ ಗಂಟುಗಟ್ಟಿ ಎಳೆ ಹರಿಯುತ್ತದೆ. ಆಮೇಲೆ ಮಗ್ಗದಲ್ಲಿ ಕೂರುವ ಮೈದುನ ಶೆಟ್ಟೆಪ್ಪನ ಬಾಯಿಂದ ಬರುವ ಮಾತು ಕೇಳುವಂಥದ್ದಲ್ಲ. ಆಡುಗಳು ಹತ್ತಿರ ಸುಳಿಯದಂತೆ ನಾಯಿ ಮೋತಿ ಕಾವಲು ಕೂತಿದೆ. ಮೂರು ಬೆಕ್ಕಿನ ಮರಿಗಳು ಜೋತುಬಿದ್ದ ಎಳೆಗೆ ಹಾರಿ ಹಾರಿ ಬೀಳುತ್ತಿವೆ. ಮೋಟು ಗೋಡೆಯ ಮೇಲೆ ಕೂತ ಹಳೆಯ ಬೆಕ್ಕು ಕೆಂಚಿ, ಸೊಸೆಯಂದಿರ ಕೆಲಸ ನೋಡುವ ಅತ್ತೆಯ ಹಾಗೆ ಇದನ್ನೆಲ್ಲ ನೋಡುತ್ತಿದೆ.

ಹುಕ್ಕೇರಿ ಸಂತೆಯಲ್ಲಿ ಕಂಬಳಿ ಕೊಳ್ಳುವವರು ಅದನ್ನು ಕೊಡವಿ, ಜಗ್ಗಿ, ನೇಯ್ದವನ ಕೈ ಹೊಗಳುತ್ತಾರೆ. ಗಂಜಿ ಹಾಕಿದವರು ಯಾರು ಎಂದು ಇವತ್ತಿನವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಲೋಕ ಇರುವುದೇ ಹಾಗೆ, ಬಿಡಿ. ವಾರಕ್ಕೆ ಮೂರು ಹಾಸು, ಒಂದೊಂದಕ್ಕೆ ಒಂದು ಸೇರು ಬೀಜ. ಹುರಿಯಬೇಕು, ಸಿಪ್ಪೆ ಬಿಡಿಸಬೇಕು, ನೆನೆಹಾಕಿ ಅರೆಯಬೇಕು, ಕುದಿಸಬೇಕು. ಹದಿನಾರು ವರ್ಷದಿಂದ ಇದೇ ಕೆಲಸ. ‘ನನ್ನ ಕೈ ಮುಟ್ಟಿ ನೋಡ್ರಿ, ಒಣಗಿದ ಹುಣಸಿ ತೊಗಟಿ ಆಗ್ಯಾವ,’ ಎಂದು ಅಂಗೈ ಚಾಚಿ ನಗುತ್ತಾಳೆ.

ಸ್ವಾತಂತ್ರ್ಯ ಬಂದ ಮರುವರ್ಷ ಆಕೆ ಮಾಲಿಂಗಪ್ಪನ ಕೈಹಿಡಿದು ಈ ಮನೆ ಹೊಕ್ಕಳು. ಆಗ ಹಟ್ಟಿಯಲ್ಲಿ ಎಂಬತ್ತು ಕುರಿ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತಂಗಿಸುತ್ತ ಗಂಡ ಹುಕ್ಕೇರಿ ಕಡೆ ಹೋದನೆಂದರೆ ಎರಡು ತಿಂಗಳು ಅವನ ಮುಖ ಕಾಣುವಂತಿರಲಿಲ್ಲ. ತಿರುಗಿ ಬಂದ ದಿನ ಅವನ ಕಂಬಳಿಯಲ್ಲಿ ಯಾವ ಯಾವುದೋ ಹೊಲದ ಮಣ್ಣು, ಕುರಿಹಾಲು, ಹೊಗೆ, ಎಲ್ಲ ಸೇರಿದ ಒಂದು ವಾಸನೆ ಇರುತ್ತಿತ್ತು. ಆ ದಿನಗಳ ಮಾತು ಬಂದರೆ ಫಕೀರವ್ವನ ಕುಂಚ ತಾನಾಗಿ ನಿಧಾನವಾಗುತ್ತದೆ. ಎಂಥ ದಿನಗಳು ಅವು!

ಗಂಜಿ ಹಾಕಿದ ನೂಲೆಂದರೆ ಇಲಿಗೆ ಹಬ್ಬದೂಟ. ಐವತ್ತೇಳನೇ ಇಸವಿಯಲ್ಲಿ ಒಂದು ಇಡೀ ಹಾಸನ್ನು ಇಲಿಗಳು ಕತ್ತರಿಸಿ ಹಾಕಿದಾಗ ಆಕೆ ಅತ್ತಿದ್ದಳು. ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಮಾಲಿಂಗಪ್ಪ ಆ ಸಲ ಹುಕ್ಕೇರಿಯಿಂದ ಬರುವಾಗ ಕಂಬಳಿಯ ಕೊಪ್ಪೆಯೊಳಗೆ ಒಂದು ಕೆಂಚು ಬೆಕ್ಕಿನ ಮರಿ ಇಟ್ಟುಕೊಂಡು ಬಂದ. ಮರುವರ್ಷ ಜ್ವರ ಬಂದು ಎಂಟೇ ದಿನದಲ್ಲಿ ತೀರಿಹೋದ. ಕುರಿಗಳು ಮಾರಿಹೋದವು. ಅವನ ಕೈಯಿಂದ ಬಂದದ್ದೆಂದು ಮನೆಯಲ್ಲಿ ಉಳಿದದ್ದು ಎರಡು: ಅವನು ಹೊದೆಯುತ್ತಿದ್ದ ಕಂಬಳಿ, ಅದರ ಮೇಲೆ ಮಲಗುವ ಕೆಂಚಿ. ಗಂಡನ ಹೆಸರನ್ನು ಫಕೀರವ್ವ ಬಾಯಿಬಿಟ್ಟು ಹೇಳುವವಳಲ್ಲ. ಕೆಂಚಿಯ ಹೆಸರನ್ನು ಮಾತ್ರ ದಿನಕ್ಕೆ ನೂರು ಸಲ ಕರೆಯುತ್ತಾಳೆ.

ಹೋದ ದೀಪಾವಳಿಯ ಹಿಂದಿನ ದಿನ ಕಾಲುವೆ ದಂಡೆಯಲ್ಲಿ ಬಾಯಿ ಕಟ್ಟಿದ ಚೀಲವೊಂದು ಅಲುಗಾಡುವುದು ಅವಳ ಕಣ್ಣಿಗೆ ಬಿತ್ತು. ಬಿಚ್ಚಿದರೆ ಮೂರು ಮರಿಗಳು. ಇರುವ ಎರಡು ಬಾಯಿಗೇ ರೊಟ್ಟಿ ಸಾಲದು, ಊರ ಉಸಾಬರಿ ನಿನಗ್ಯಾಕೆ ಎಂದು ಪಕ್ಕದ ಮನೆಯ ಕೆಂಪವ್ವ ಬೈದಳು. ಫಕೀರವ್ವ ಬೈಗುಳ ಕೇಳಿಸಿಕೊಂಡಳು, ಮರಿಗಳನ್ನು ಉಡಿಯಲ್ಲಿ ಕಟ್ಟಿಕೊಂಡಳು. ಮೋತಿ ಒಮ್ಮೆ ಮೂಸಿ ಸುಮ್ಮನಾಯಿತು. ಕೆಂಚಿ ಮಾತ್ರ ಬಾಲ ಉಬ್ಬಿಸಿ ಬುಸುಗುಟ್ಟಿತು.

ಇಲ್ಲಿ ನೋಡಿ ಕುರುಬರ ಬುದ್ಧಿ ಕೈಕೊಟ್ಟದ್ದು. ತಾಯಿ ಕುರಿ ತಬ್ಬಲಿ ಮರಿಯನ್ನು ಒಲ್ಲೆನೆಂದರೆ ಹಟ್ಟಿಯಲ್ಲಿ ಏನು ಮಾಡುತ್ತಾರೆ? ಕುರಿಯ ಕತ್ತನ್ನು ಮೊಣಕಾಲ ನಡುವೆ ಅದುಮಿ ಹಿಡಿದು ಮರಿಯನ್ನು ಕೆಚ್ಚಲಿಗೆ ಹಚ್ಚುತ್ತಾರೆ. ನಾಲ್ಕು ದಿನಕ್ಕೆ ಕುರಿ ಒಪ್ಪಿಕೊಳ್ಳುತ್ತದೆ. ಹಾಲಿಲ್ಲದಿದ್ದರೂ ಮೈಯ ಬಿಸಿಯಾದರೂ ಸಿಗಲಿ ಎಂದು ಫಕೀರವ್ವ ಕೆಂಚಿಗೂ ಅದನ್ನೇ ಮಾಡಿದಳು. ಕೆಂಚಿ ಕುರಿಯೇ? ಮೊಣಕೈವರೆಗೆ ಪರಚಿ, ಗೋಡೆ ಹಾರಿ, ಹೋದದ್ದು ಹೋಯಿತು. ‘ತಪ್ಪು ನಂದ ಐತ್ರಿ. ಅವರು ಅದನ್ನ ಎದಿಗಿ ಹಚ್ಚಿಕೊಂಡು ತಂದಿದ್ರು, ನಾ ಮೊಣಕಾಲಾಗ ಅದುಮಿ ಕಳಿಸಿಬಿಟ್ಟೆ.’

ಐದು ದಿನ ಬಣವೆ, ಬಾವಿ, ಹಾಳುಮನೆ ಹುಡುಕಿದಳು. ಆರನೆಯ ದಿನ ಕೆಂಚಿ ಸಿಕ್ಕಿದ್ದು ಆಚೆ ಓಣಿಯ ಶೆಟ್ಟೆಪ್ಪನ ಮಗ್ಗದಡಿ ಕಾಲಿಳಿಬಿಡುವ ಕುಣಿಯಲ್ಲಿ. ಎತ್ತಿ ತಂದರೆ ಮರುಗಳಿಗೆಗೆ ವಾಪಸು. ಶೆಟ್ಟೆಪ್ಪ ಸುತ್ತಿಬಳಸಿ ಮಾತಾಡುವವನಲ್ಲ: ‘ವೈನಿ, ಇದು ಬೇಕಂದ್ರ ಆ ಮೂರು ಬಿಡ್ರಿ. ಆ ಮೂರು ಬೇಕಂದ್ರ ಇದನ್ನ ಮರೀರಿ.’ ಮನೆಗೆ ಬಂದು ಆಕೆ ಮರಿಗಳು ಸಿಕ್ಕಿದ್ದ ಅದೇ ಚೀಲ ಹಿಡಿದು ಮರಿಗಳ ಮುಂದೆ ಕೂತಳಂತೆ. ಅದನ್ನು ಕಾಲುವೆಗೆ ತಂದವರೂ ಹೀಗೆಯೇ ಯಾವುದೋ ಒಂದನ್ನು ಉಳಿಸಿಕೊಳ್ಳಲು ತಂದಿರಬೇಕು ಎಂದು ಹೊಳೆದು ಚೀಲವನ್ನು ಒಲೆಗೆ ಹಾಕಿದಳು.

ಕುರಿ ಮರಿಯನ್ನು ಗುರುತಿಸುವುದು ವಾಸನೆಯಿಂದ, ಹಾಗಿದ್ದರೆ ಬೆಕ್ಕೂ ಅಷ್ಟೇ ತಾನೇ? ಪೆಟ್ಟಿಗೆಯ ಮೇಲಿದ್ದ ಗಂಡನ ಕಂಬಳಿ ತೆಗೆದಳು. ಕಂಬಳಿಯೆಂದರೆ ಎರಡು ಪಟ್ಟಿ ಕೂಡಿಸಿ ಹೊಲಿದದ್ದು. ಆರು ವರ್ಷ ಕೆಂಚಿಗಲ್ಲದೆ ಬೇರೆ ಯಾರಿಗೂ ಮುಟ್ಟಗೊಡದ ಅದರ ನಡುಹೊಲಿಗೆಯನ್ನು ತಾನೇ ಬಿಚ್ಚಿದಳು. ಒಂದು ಪಟ್ಟಿ ಮರಿಗಳ ಬುಟ್ಟಿಗೆ, ಇನ್ನೊಂದು ಕುಣಿಯಲ್ಲಿನ ಕೆಂಚಿಗೆ. ದಿನ ಬೆಳಗಾದರೆ ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಬದಲಿಸುವುದು. ಊರವರು ನಕ್ಕರು, ನಗಲಿ. ಹನ್ನೊಂದನೆಯ ಬೆಳಿಗ್ಗೆ ಆಕೆ ಗಂಜಿ ಸವರುತ್ತಿದ್ದಾಗ ಕೆಂಚಿ ಬೀದಿಯಲ್ಲಿ ಒಂಟಿಯಾಗಿ ನಡೆದು ಬಂದು ಮನೆಯೊಳಗೆ ಹೋಯಿತು. ಕುಂಚ ಕೈಬಿಟ್ಟು ಫಕೀರವ್ವ ಬಾಗಿಲಲ್ಲೇ ಕೂತಳು. ಬಿಸಿಲೇರಿತು, ಗಂಜಿ ಒಣಗಿ ಹಾಸು ಕೆಟ್ಟಿತು. ಹದಿನಾರು ವರ್ಷದಲ್ಲಿ ಆಕೆಯ ಕೈಯಲ್ಲಿ ಕೆಟ್ಟ ಹಾಸು ಅದೊಂದೇ. ಶೆಟ್ಟೆಪ್ಪ ಬೈಯಲು ಬಂದವನು ಅವಳ ಮುಖ ನೋಡಿ ತಿರುಗಿ ಹೋದ.

ಈಗ ನಾಲ್ಕೂ ಅನ್ಯೋನ್ಯವಾಗಿವೆಯೇ ಎಂದರೆ ಫಕೀರವ್ವ ಕುಂಚ ಹಿಂಡುತ್ತ ತಲೆ ಅಲ್ಲಾಡಿಸುತ್ತಾಳೆ.

‘ಎಲ್ಲೀದ್ರಿ? ಮುಂಜಾನಿ ಎದ್ರ ಜಗಳ, ರೊಟ್ಟಿ ಹಾಕಿದ್ರ ಜಗಳ. ಇರ್ಲಿ ಬಿಡ್ರಿ. ಅವರು ಹೋದಾಗಿಂದ ಈ ಮನ್ಯಾಗ ಯಾರೂ ಜಗಳಾನ ಆಡಿರಲಿಲ್ಲ.’