ಐದರೊಳಗೆ ಬಂದ ಫೋನು

ಯಲ್ಲವ್ವ ಹುಟ್ಟಾ ಪುಕ್ಕಲಿಯೇನಲ್ಲ. ಬಾದಾಮಿ ಕಡೆಯಿಂದ ಗಂಡನ ಜೊತೆ ಗೋವೆಗೆ ಬಂದು, ಪರ್ವರಿಯಲ್ಲಿ ಏಳನೇ ಮಹಡಿವರೆಗೂ ಮರಳಿನ ಬುಟ್ಟಿ ಹೊತ್ತ ಗಟ್ಟಿಗಿತ್ತಿ. ಕೂಲಿಯವರ ಮೇಲ್ವಿಚಾರಕ ಮುಕಾದಮನಿಗೂ ಎದುರುತ್ತರ ಕೊಡುವ ಬಾಯಿ. ಆದರೆ ನಾಲ್ಕು ವರ್ಷದ ಹಿಂದೆ ಗಂಡ ಕಂಠೆಪ್ಪ ಬೇರೊಂದು ಕಟ್ಟಡದಿಂದ ಬಿದ್ದ ದಿನ ಅವಳ ಫೋನು ಬುತ್ತಿಚೀಲದಲ್ಲಿತ್ತು. ಹದಿನೇಳು ಸಲ ಹೊಡೆದುಕೊಂಡಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನಿರಲಿಲ್ಲ. ಅಂದಿನಿಂದ ಅವಳ ಎದೆ ತಣ್ಣಗಾಗಲೇ ಇಲ್ಲ.

ಮಗಳು ಗೀತಾಂಜಲಿಯೋ, ಮೊದಲೇ ಅಂಜುಬುರುಕಿ. ನಾಲ್ಕು ಜನರ ನಡುವೆ ದನಿಯೇ ಏಳದು. ಅಂಥವಳಿಗೆ ಒಂದು ಸ್ಮಾರ್ಟ್‌ಫೋನ್ ಕೊಟ್ಟು, "ಕೈಯಾಗಿಂದ ಬಿಡಬ್ಯಾಡ" ಎಂದು ತಾಯಿ ಕಟ್ಟಪ್ಪಣೆ ಮಾಡಿದಳು. ಉಂಡೆಯಾ, ಚಿಲಕ ಹಾಕಿದೆಯಾ ಎಂದು ದಿನಕ್ಕೆ ಹತ್ತು ಸಲ ಕರೆ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಹುಡುಗಿ ಫೋನನ್ನು ಬಚ್ಚಲಿಗೂ ಒಯ್ಯತೊಡಗಿದಳು. ಆಗ ಅದೇ ತಾಯಿ ಓಣಿಗೆಲ್ಲ ಸಾರಿದಳು, "ನಮ್ಮ ಹುಡುಗಿಗೆ ಫೋನಿನ ಹುಚ್ಚು ಹಿಡದೈತ್ರಿ!" ಹಿಡಿಸಿದವರು ಯಾರೆಂದು ಕೇಳುವ ಧೈರ್ಯ ಯಾರಿಗಿತ್ತು?

ಮೊನ್ನೆ ಪರೀಕ್ಷೆಯಲ್ಲಿ ಎಲ್ಲರ ಫೋನೂ ಹೊರಗಿಡಿಸಿದಾಗ ಗೀತಾಂಜಲಿ ಬೆವೆತು, ನಡುಗಿ, ಖಾಲಿ ಹಾಳೆ ಕೊಟ್ಟು ಎದ್ದುಬಂದಳು. ಶಾಹೀನ ಟೀಚರ್ ತಾಯಿಯನ್ನು ಕರೆಸಿದರು. ಸೋಮವಾರ ಮತ್ತೆ ಪರೀಕ್ಷೆ. ಆಗಲೂ ಹೀಗಾದರೆ ವರ್ಷ ಹೋದಂತೆ.

"ಒಡದ ಹಾಕ್ತೀನ್ರಿ ಅದನ್ನ!" ಯಲ್ಲವ್ವ ಹಾರಾಡಿದಳು. "ಅದೇನ ನೋಡ್ತಾಳೋ ದಿನಾ!"

ಟೀಚರ್ ಹುಡುಗಿಯನ್ನೇ ಕೇಳಿದರು. ಅವಳು ನೆಲ ನೋಡುತ್ತಲೇ ಹೇಳಿದಳು, "ಅವ್ವ ಫೋನ ಮಾಡ್ಯಾಳೇನಂತ ನೋಡ್ತೀನ್ರಿ. ನಾ ಎತ್ತಲಿಲ್ಲ ಅಂದ್ರ, ಆಗ ಅವ್ವ ಸತ್ರ?"

ಯಲ್ಲವ್ವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಲ್ಲೇ ಮಗಳ ತಲೆ ಮೇಲೆ ಕೈಯಿಟ್ಟಳು. "ನಾಳಿಂದ ಸಂಜಿ ಐದರ ತನಕ ನಾ ಫೋನ ಮಾಡಂಗಿಲ್ಲ. ಬರಲಿಲ್ಲಂದ್ರ ನಾ ಆರಾಮ ಅದೀನಿ ಅಂತ ತಿಳ್ಕೊ. ಐದರೊಳಗ ಬಂತಂದ್ರ ಅಷ್ಟ ಅಂಜು."

ಮಗಳು ಮೊದಲ ಬಾರಿ ಹಗುರವಾಗಿ ತಲೆಯಾಡಿಸಿದಳು.

ಮರುದಿನ ಶನಿವಾರ, ಶಾಲೆಗೆ ರಜೆ. ಗೀತಾಂಜಲಿ ಕೋಣೆಯಲ್ಲಿ ಓದಲು ಕೂತಳು, ಯಲ್ಲವ್ವ ಏಳನೇ ಮಹಡಿಗೆ ಬುಟ್ಟಿ ಹೊತ್ತಳು. ಊಟದ ಹೊತ್ತು ಹೇಗೋ ದಾಟಿತು. ಮೂರಕ್ಕೆ ಕೆಳಗಿನ ಹೆದ್ದಾರಿಯಲ್ಲಿ ಆಂಬುಲೆನ್ಸೊಂದು ಕೂಗುತ್ತ ರಸ್ತೆಯಾಚೆಗಿನ ತಮ್ಮ ಓಣಿಯ ಕಡೆಗೇ ಹೋಯಿತು. ಕೊಟ್ಟ ಮಾತು ನೆನಪಾಗುವ ಮೊದಲೇ ಯಲ್ಲವ್ವನ ಬೆರಳು ಮಗಳ ನಂಬರು ಒತ್ತಿಬಿಟ್ಟಿತ್ತು.

"ಅವ್ವಾ! ಎಲ್ಲಿ ಬಿದ್ದಿ? ಯಾವ ಆಸ್ಪತ್ರಿ?" ಆಚೆಯಿಂದ ಮಗಳು ಚೀರಿದಳು.

"ಏನೂ ಆಗಿಲ್ಲ ಗೀತಾ, ಸುಮ್ನ ಮಾಡೀನಿ…"

ಕೇಳುವವರಾರು? ಬಾಗಿಲು ಬಡಿದ ಸದ್ದು, ಏದುಸಿರು, ಆಮೇಲೆ ಲಾರಿಗಳ ಹಾರ್ನು. ಹುಡುಗಿ ಹೆದ್ದಾರಿಗೇ ಬಂದುಬಿಟ್ಟಿದ್ದಳು.

"ನಿಂದ್ರು ಗೀತಾ! ನಾ ಅದೀನಿ! ದಾಟಬ್ಯಾಡ, ಅಲ್ಲೇ ನಿಂದ್ರು!" ಎಂದು ಫೋನಿನೊಳಗೆ ಅರಚುತ್ತ ಯಲ್ಲವ್ವ ಏಳು ಮಹಡಿಯ ಮೆಟ್ಟಿಲು ಇಳಿಯತೊಡಗಿದಳು.