ನನ್ ಫೋನ್ಗೆ ಈಗ ರಿಂಗಾಗಾದೊಂದೇ ಕೆಲ್ಸ

“ನಾನ್ಯಾಕವ್ವಾ ಅಕ್ಕನ್ ಮಗೀನ ಮರ್ತೇನು? ಬಾಯ್ಗ್ ಬಂದಂಗ್ ಅನ್ಬ್ಯಾಡ!”

ಈಗ ತಾನೆ ನಮ್ಮನೇಲಾದ ಜಗಳ ಕಣ್ರಪ್ಪಾ. ಬರೀತಿರಾದು ಗೆಳೆಯ ಸಿದ್ದನ್ ಫೋನಲ್ಲಿ. ನನ್ ಫೋನಲ್ಲಿ ಆಪುಗಳ್ನೆಲ್ಲ ಅಳಿಸಾಕಿ ನಾಕ್ ದಿನಾಯ್ತು, ಕಾಲ್ ಒಂದ್ ಬುಟ್ಟಿವ್ನಿ.

ಹೊನ್ನೂರ್ ಆಲೆಮನೇಲಿ ಬೆಲ್ಲದ್ ಪಾಕ ನೋಡ್ಕಳೋನು ನಾನು. ಹನೂರಲ್ಲಿರೋ ಅಕ್ಕ ಮಗೀನ್ ವಿಡಿಯೋನ ಸ್ಟೇಟಸ್ಗೆ ಆಕಿದ್ಲು. ಅದ್ನೇ ತಿರ್ಗಾ ತಿರ್ಗಾ ನೋಡ್ತಾ ನಿಂತೆ, ಒಂದ್ ಕೊಪ್ಪರಿಗೆ ಪಾಕ ಸೀದು ಕರ್ರಗಾಯ್ತು. ಅವತ್ತೇ ಎಲ್ಲಾ ಕಿತ್ತಾಕ್ದೆ.

ಇವತ್ತು ಮಗು ಮೊದಲ್ನೇ ಎಜ್ಜೆ ಇಟ್ಟದೆ, ಅಕ್ಕ ಅದ್ನೂ ಸ್ಟೇಟಸ್ಗೆ ಆಕವ್ಳೆ. ಅವ್ವ ತನ್ ಫೋನ್ನ ನನ್ ಮಕಕ್ಕೆ ಇಡುದ್ಲು. “ಊರೋರೆಲ್ಲ ನೋಡವ್ರೆ. ಸೋದರಮಾವ ನೀನೊಬ್ಬ ನೋಡಿಲ್ಲ ಕಣ್ಲಾ.”

“ಊರೋರ್ಗೆಲ್ಲ ಆಕಿರಾದು ನಂಗ್ಯಾಕವ್ವಾ? ಮಗೀಗೆ ಮೊದಲ್ ಅಲ್ಲು ಮೂಡ್ದಾಗ ನಂಗೇ ಕಾಲ್ ಮಾಡಿ, ‘ಲೇ ತಮ್ಮಾ, ಕಚ್ತಾಳೆ ಕಣ್ಲಾ’ ಅಂತ ನಗ್ತಿದ್ಲು. ಸ್ಟೇಟಸ್ ಆಕಾದ್ ಕಲ್ತ್ ಮ್ಯಾಲೆ ಒಂದ್ ಕಾಲೂ ಇಲ್ಲ.”

“ಅಂಗಾರೆ ನೀನೇ ಮಾಡ್ಲಾ.”

“ಅವಳೇ ಮಾಡ್ಲಿ. ನಾಕ್ ದಿನದಿಂದ ಫೋನ್ನ ಜೇಬಿಂದ ಈಚ್ಗೆ ತಗ್ದು ತಗ್ದು ನೋಡ್ತಾವ್ನಿ. ಆಪಿದ್ದಾಗ್ಲೂ ಇಷ್ಟ್ ನೋಡಿರ್ನಿಲ್ಲ!”

ನಂಗ್ ಅಳು ಬಂದಂಗಾಯ್ತು, ರೋಷನೂ ಬಂತು. ರಿಂಗಾಗ್ಲಿ ಅಂತ ಕಾಯ್ತಿದ್ ಫೋನ್ನ ಒಳಗೇ ಚಾರ್ಜಿಗೆ ಬುಟ್ಟು, ಬಾಗ್ಲ ದಢಾರ್ ಅಂತ ಆಕಂಡ್ ಬಂದ್ಬುಟ್ಟೆ.