ಕೆಂದನ ಹತ್ತೊಂಬತ್ತು ಗಂಟು

ಓ ಅಣ್ಣಾರೇ, ಓ ಅಕ್ಕಾರೇ! ಕುವೈತಿನ ಅಬ್ಬಾಸಿಯಾದ ಮೂರನೇ ಮಹಡಿಯಲ್ಲಿ ಬಟ್ಟೆ ಹರವುತ್ತಿರುವವರೇ, ಕೆಳಗೆ ಕಂಪನಿ ಬಸ್ಸಿಗೆ ಕಾಯುತ್ತ ನಿಂತವರೇ, ಪರೋಟಾ ಕಟ್ಟಿಸಿಕೊಳ್ಳುತ್ತಿರುವ ಭಾಯಿಗಳೇ, ಒಂದು ಗಳಿಗೆ ಕಿವಿ ಇತ್ತ ಕೊಡಿ! ಬಸ್ಸು ಹೇಗೂ ತಡವಾಗಿಯೇ ಬರುತ್ತದೆ. ಅರ್ದಿಯಾದ ಮುದಕಪ್ಪನ ಕೆಂಪು ಗಾಡಿ ಗೊತ್ತಲ್ಲ? ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಅಂಗಡಿಯ ಗಾಜು ಗುಂಯ್‌ಗುಡುತ್ತಿತ್ತಲ್ಲ, ಅದೇ. ಅದು ಮೊನ್ನೆ ಶನಿವಾರ ಮಾರಾಟವಾಯಿತು. ಅದಕ್ಕೆ ಮುದಕಪ್ಪ ಏನು ತೆತ್ತ, ಕೇಳಿ.

ಗಾಡಿ ಮುದಕಪ್ಪನದಲ್ಲ, ಅವನ ಕಫೀಲನದು, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕುವೈತಿ ಯಜಮಾನನದು. ಎಪ್ಪತ್ತನೇ ಇಸವಿಯ ಅಮೆರಿಕದ ಪಾಂಟಿಯಾಕ್. ಎರಡೇ ಬಾಗಿಲು, ಎತ್ತಿನ ಬಂಡಿಯಷ್ಟು ಉದ್ದದ ಮೂತಿ, ಒಳಗೆ ಎಂಟು ಸಿಲಿಂಡರಿನ ಇಂಜಿನ್ನು. ಹುಡುಗನಾಗಿದ್ದಾಗ ಕೊಂಡ ಆ ಗಾಡಿಯನ್ನು ಮುದುಕ ಕೊನೆಯವರೆಗೂ ಬಿಡಲಿಲ್ಲ. ಮುದಕಪ್ಪ ಆ ಮನೆಗೆ ಬಂದು ಹತ್ತೊಂಬತ್ತು ವರ್ಷ. ವಾಸದ ಪರವಾನಗಿ ಇಕಾಮಾದಲ್ಲಿ ಬರೆದದ್ದು ಡ್ರೈವರ್ ಅಂತ. ಮಾಡಿದ್ದು ಆ ಒಂದೇ ಗಾಡಿಯ ಆರೈಕೆ. ಮುದುಕನನ್ನು ಬಾಬಾ ಎನ್ನುತ್ತಿದ್ದ, ಅವನ ಹೆಂಡತಿಯನ್ನು ಮಾಮಾ, ಅಂದರೆ ಅಮ್ಮ. ಕೆಂಪು ಬಣ್ಣದ ಗಾಡಿಗೆ ಮಾತ್ರ ತನ್ನೂರಿನ ಎತ್ತಿನ ಹೆಸರಿಟ್ಟಿದ್ದ: ಕೆಂದ.

ಹೋದ ಚಳಿಗಾಲದಲ್ಲಿ ಬಾಬಾ ತೀರಿಕೊಂಡ. ಗಾಡಿ ಶೆಡ್ಡಿನಲ್ಲಿ ಉಳಿಯಿತು. ಮಗ ಫಹದನಿಗೆ ಹಳೆಯ ಪೆಟ್ರೋಲಿನ ವಾಸನೆ ಬಂದರೇ ತಲೆನೋವು. ಒಂದು ದಿನ ಅವನು ನೇರವಾಗಿ ಹೇಳಿಬಿಟ್ಟ: "ಮುದಕ್, ಗಾಡಿ ಮಾರ್ತೀನಿ. ಗಾಡಿ ಹೋದ ಮೇಲೆ ನಿನಗೆ ಇಲ್ಲೇನು ಕೆಲಸ? ಕೊಳ್ಳೋನು ನಿನ್ನನ್ನೂ ಇಟ್ಟುಕೊಂಡರೆ ಇಕಾಮಾ ಅವನ ಹೆಸರಿಗೆ ಬರೆದುಕೊಡ್ತೀನಿ. ಇಲ್ಲಾಂದ್ರೆ ಖಲಾಸ್, ಊರಿಗೆ ಹೋಗು."

ಐವತ್ತೇಳರ ಮುದಕಪ್ಪನನ್ನು ಹೊಸದಾಗಿ ಯಾವ ಕಫೀಲ ಕರೆದಾನು? ಊರಲ್ಲಿ ಮಗಳು ಕಾಂಚನಾ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿ. ಆ ಎರಡು ವರ್ಷ ಅವನಿಗೆ ಕುವೈತ್ ಬೇಕಿತ್ತು. ಅಂದರೆ, ಕೆಂದನ ಜೊತೆ ತಾನೂ ಹೋಗಬೇಕಿತ್ತು.

ಜಾಹೀರಾತು ಬರೆಸಲು ಅವನು ಮಿರ್ಕಾಬಿಗೆ ಹೋದ. ಅಲ್ಲಿ ಟೈಪಿಂಗ್ ಆಫೀಸಿನ ರೋಹಿದಾಸ, ಮೂಡುಬಿದಿರೆ ಕಡೆಯವನು, ಹಳೆಯ ಸ್ನೇಹಿತ.

"ಇದಕ್ಕೆ 'ಡ್ರೈವರ್ ಕಂಡೀಷನ್' ಅಂತ ಹಾಕ್ಬೇಕು ಮುದಕಪ್ಪಣ್ಣ."

"ಡ್ರೈವರನ ಕಂಡೀಷನ್ ಯಾಕಪಾ? ಮೊಣಕಾಲು ಹಿಡ್ಕೊಂಡಾವ, ಸಕ್ರಿ ಬ್ಯಾನಿ ಐತಿ. ಅದನ್ನ ಬರದ್ರ ಗಾಡಿ ಯಾರ್ ತಗೋತಾರ?"

"ಅಯ್ಯೋ ಮಾರಾಯ್ರೆ! ನಿಮ್ಮದಲ್ಲ, ಗಾಡಿದ್ದು. ಶೋಗೆ ಇಟ್ಟು ಫೋಟೋ ಹೊಡೀಲಿಕ್ಕೆ ಆಗೂದಿಲ್ಲ, ದಿನಾ ಓಡಿಸ್ಲಿಕ್ಕೆ ಅಡ್ಡಿ ಇಲ್ಲ ಅಂತ ಅರ್ಥ."

"ಹಂಗಾರ ಬರಿ. ನಮ್ಮ ಕೆಂದ ಮೆರವಣಿಗಿ ಎತ್ತಲ್ಲ, ಹೊಲದ ಎತ್ತು."

ಮುದಕಪ್ಪ ಎತ್ತಿನ ಮಾತು ಎತ್ತುವುದಕ್ಕೆ ಕಾರಣವಿತ್ತು. ಅವನಪ್ಪ ರೋಣದ ಕಡೆ ಎತ್ತಿನ ದಲಾಲಿ. ಸಾಯುವವರೆಗೂ ಎರಡೇ ಮಾತು ಹೇಳುತ್ತಿದ್ದ. ಒಂದು, "ಸುಳಿ ಮುಚ್ಚಿ ಮಾರಬ್ಯಾಡ": ಎತ್ತಿನ ಮೈಮೇಲೆ ಕೆಟ್ಟ ಸುಳಿಯಿದ್ದರೆ ಕೊಳ್ಳುವವನಿಗೆ ಬೆರಳಿಟ್ಟು ತೋರಿಸಬೇಕು, ಮುಚ್ಚಿಟ್ಟ ದೋಷ ಮಾರಿದವನ ಮನೆಗೇ ತಿರುಗುತ್ತದೆ. ಎರಡು, "ಕಣ್ಣಿ ಕೊಟ್ಟು ಮಾರಬ್ಯಾಡ": ಎತ್ತು ಕೊಡು, ಕಟ್ಟಿದ ಹಗ್ಗ ಬಿಚ್ಚಿಟ್ಟುಕೋ; ಹಗ್ಗ ಹೋದರೆ ಮನೆಯ ದೆಸೆಯೇ ಹೋದಂತೆ.

ರೋಹಿದಾಸನಿಗೆ ಇದನ್ನು ಹೇಳಿ, ಗಾಡಿಯ ಸುಳಿಗಳನ್ನೆಲ್ಲ ಎಣಿಸಿದ. ಹಿಂದಿನ ಸೀಟಿನ ಕೆಳಗೆ ತಗಡಿನ ತೇಪೆಯಿದೆ. ಎಡಬಾಗಿಲಿನ ಬಣ್ಣ ಹೊಸದು. ಶಾಖದ ಮುಳ್ಳು ಸುಳ್ಳು ಹೇಳುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಇಂಜಿನ್ನು ನಾಲ್ಕೈದು ಹನಿ ಎಣ್ಣೆ ಸೋರುತ್ತದೆ. ಇನ್ನು ಬಿಸಿಯಾದ ಗಾಡಿ ಆರಿಸಿ ಮತ್ತೆ ಚಾಲೂ ಮಾಡಲು ಒಂದು ಪಟ್ಟು ಇದೆ...

"ನಿಲ್ಲಿಸಿ, ನಿಲ್ಲಿಸಿ," ಎಂದ ರೋಹಿದಾಸ. "ಎಲ್ಲಾ ಹೇಳಿ ಬಿಡ್ತೀರಾ? ಆ ಕಡೇದೊಂದು ನಿಮ್ಮ ಹೊಟ್ಟೆಯಲ್ಲೇ ಇರ್ಲಿ. ಗಾಡಿ ನಿಮ್ಮ ಕೈಗೆ ಮಾತ್ರ ಬಗ್ತದೆ ಅಂತ ಕಂಡರೆ ಅವನು ನಿಮ್ಮನ್ನು ಬಿಟ್ಟು ಹೇಗೆ ಹೋಗ್ತಾನೆ?"

ಮನೆಗೆ ಮರಳುವ ಬಸ್ಸಿನಲ್ಲಿ ಮುದಕಪ್ಪ ಅದನ್ನೇ ನೂರು ಸಲ ಮಗುಚಿ ಹಾಕಿದ.

ಶನಿವಾರ ಬೆಳಿಗ್ಗೆ ಮಿಶಾರಿ ಬಂದ. ಮೂವತ್ತರ ಒಳಗಿನ ಕುವೈತಿ, ನಗುಮುಖ, ಹಳೆಯ ಗಾಡಿಯ ಹುಚ್ಚು. ಆ ಮನೆಯ ಮಾತು ಅರ್ಧ ಅರಬ್ಬಿ, ಅರ್ಧ ಹಿಂದಿ. ನಾವು ನಮ್ಮ ಮಾತಿನಲ್ಲೇ ಕೇಳೋಣ. ಮುದಕಪ್ಪ ಕಾರ್ಪೆಟ್ ಎತ್ತಿ ತೇಪೆ ತೋರಿಸಿದ. ನೆಲಕ್ಕೆ ಹಾಸಿದ್ದ ರಟ್ಟಿನ ಮೇಲೆ ಎಣ್ಣೆಯ ಹನಿ ತೋರಿಸಿದ. ಬಾಗಿಲಿಗೆ ಬೆರಳಿಟ್ಟು "ಇದು ಹೊಸಾ ಬಣ್ಣ" ಎಂದ.

ಮಿಶಾರಿ ಫಹದನ ಕಡೆ ತಿರುಗಿ ನಕ್ಕ. "ಇವನು ಮಾರೋಕೆ ನಿಂತಿದ್ದಾನೋ, ಬೇಡ ಅನ್ನಿಸೋಕೋ?"

ಮಿಶಾರಿ, ಮುದಕಪ್ಪ ಇಬ್ಬರೂ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಅಕ್ಟೋಬರ್ ಆದರೂ ಬಿಸಿಲು ಇಳಿದಿರಲಿಲ್ಲ. ಗೇಟಿನ ಮುಂದೆ ಮಿಶಾರಿ ಇಂಜಿನ್ ಆರಿಸಿದ, ಮತ್ತೆ ಚಾವಿ ತಿರುಗಿಸಿದ. ಕೆಂದ ಕೆಮ್ಮಿತು, ಹತ್ತಲಿಲ್ಲ. ಪೆಡಲ್ ಒತ್ತಿ ಒತ್ತಿ ಬಿಟ್ಟ. ಇನ್ನಷ್ಟು ಕೆಮ್ಮಿತು. ಪೆಟ್ರೋಲಿನ ವಾಸನೆಗೆ ಫಹದ ಮೂಗು ಮುಚ್ಚಿಕೊಂಡ.

"ಸರೀರಿ," ಎಂದು ಮುದಕಪ್ಪ ಒಳಗೆ ಕೂತ. ಒಂದೇ ಸಲಕ್ಕೆ ಗಾಡಿ ಗುಡುಗಿತು.

"ಹೇಗೆ ಮಾಡಿದೆ?"

ಸುಳಿ ತೋರಿಸುವ ಗಳಿಗೆ ಅದು. ಮುದಕಪ್ಪನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಕಾಂಚನಾಳ ಮುಖ ಅಡ್ಡ ಬಂತು.

"ಇದು ನನ್ನ ಕೈಗೆ ಅಷ್ಟ ಕೇಳ್ತೈತಿ," ಎಂದುಬಿಟ್ಟ.

ಮಿಶಾರಿ ಅವನ ಹೆಗಲ ಮೇಲೆ ಕೈ ಹಾಕಿದ. "ಹಾಗಾದ್ರೆ ಯಲ್ಲಾ, ನಡಿ, ನೀನೂ ಬಾ. ಫಹದ್, ಗಾಡಿ ಜೊತೆ ಇವನೂ ನನಗೆ ಬೇಕು."

ಗೆದ್ದ! ಹಾಗಂತ ಮುದಕಪ್ಪನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಪ್ಪ ಬೇಲಿಯಾಚೆ ನಿಂತು ನೋಡಿದಂತಾಯಿತು. ಒಂದು ಮಾತು ಮುರಿದಾಯಿತು, ಇನ್ನೊಂದನ್ನಾದರೂ ನಡೆಸೋಣ ಅಂದುಕೊಂಡ. ಕಣ್ಣಿ ಬಿಚ್ಚಿಟ್ಟುಕೊಳ್ಳಬೇಕು.

ಕಾರಿಗೆ ಎಂಥ ಕಣ್ಣಿ ಅಂತೀರಾ? ಇತ್ತು. ಅವನು ಬಂದ ವರ್ಷ ಹೆಂಡತಿ ನೀಲವ್ವ ಎತ್ತಿನ ಕೊರಳಿಗೆ ಕಟ್ಟುವಂಥ ಕರಿಯ ಉಣ್ಣೆದಾರ ಕೊಟ್ಟು ಕಳಿಸಿದ್ದಳು, ಎರಡು ಕವಡೆ ಪೋಣಿಸಿ. ಅದನ್ನು ಸ್ಟೇರಿಂಗಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಸುತ್ತಿದ್ದ. ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಗಾಡಿ ತೊಳೆದು, ಇನ್ನೊಬ್ಬರ ಮನೆಯಲ್ಲಿ ಕಾಯಿ ಒಡೆಯುವಂತಿಲ್ಲವಲ್ಲ, ಆ ದಾರಕ್ಕೆ ಒಂದು ಗಂಟು ಹಾಕುತ್ತಿದ್ದ. ಅಷ್ಟೇ ಪೂಜೆ. ಹತ್ತೊಂಬತ್ತು ಗಂಟು ಆಗಿದ್ದವು.

ಮಿಶಾರಿ, ಫಹದ ಇಬ್ಬರೂ ಚಹಾಕ್ಕೆಂದು ದಿವಾನಿಯಾದೊಳಗೆ, ಗಂಡಸರ ಬೈಠಕ್ಕಿಗೆ, ಹೋದರು. ಮುದಕಪ್ಪ ಗಾಡಿಯನ್ನು ಶೆಡ್ಡಿಗೆ ತಂದು, ಚಾಕು ಹಿಡಿದು ಅದರ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ನಡುವೆ ತೂರಿಸಿದ. ದಾರ ಕೈಗೆ ಬಂತು. ಬಿಟ್ಟಿದ್ದರೆ ಇನ್ನೂ ಐವತ್ತು ವರ್ಷ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅವನು ದಲಾಲಿಯ ಮಗ.

"ಶಿನು ಹಾದಾ?"

ಏನಿದು ಎಂದು ಕೇಳಿದವನು ಮಿಶಾರಿ. ಕಾಗದಪತ್ರಕ್ಕೆಂದು ಡ್ಯಾಶ್‌ಬೋರ್ಡಿನ ನಂಬರಿನ ಫೋಟೋ ಹೊಡೆದುಕೊಳ್ಳಲು ಬಂದಿದ್ದ. ಅವನಿಗೆ ಕಂಡದ್ದು ಒಂದು ಚಾಕು, ಸ್ಟೇರಿಂಗಿನ ಬುಡದಿಂದ ತೆಗೆದ ಕರಿದಾರ, ಮೈತುಂಬ ಗಂಟು, ಎರಡು ಕವಡೆ.

ಅವನ ನಗು ಆರಿಹೋಯಿತು. ಎರಡು ಹೆಜ್ಜೆ ಹಿಂದೆ ಸರಿದು, "ಸಿಹ್ರ್," ಎಂದ.

ಮಾಟ! ಈ ಊರಿನಲ್ಲಿ ಗಂಟು ಹಾಕಿದ ದಾರವೆಂದರೆ ಮಾಟ. ಆ ಹೆಸರಿನ ಮೇಲೆ ಠಾಣೆ ಹತ್ತಿದವನ ಪಾಡು ಏನು, ನಿಮಗೆ ಹೇಳಬೇಕಿಲ್ಲ. ಫಹದ ಓಡಿ ಬಂದ. ದಾರ ನೋಡಿ ಅವನ ಮುಖ ಬಿಳಿಚಿತು.

"ನಮ್ಮಪ್ಪ ದಿನಾ ಕೂರ್ತಿದ್ದ ಗಾಡಿಯಲ್ಲಿ ಇದನ್ನ ಕಟ್ಟಿದ್ದೀಯ? ಮೂರು ವರ್ಷ ಹಾಸಿಗೆ ಹಿಡಿದು ಸತ್ತನಲ್ಲ, ಇದರಿಂದಲೇನು? ಮಾತಾಡು!"

"ಅಲ್ರಿ ಸಾಹೇಬ್ರ, ದೇವ್ರಾಣೆ ಅಲ್ರಿ! ಇದು ದೃಷ್ಟಿದಾರರಿ, ನಮ್ಮ ಎತ್ತಿಗೆ..."

ಫಹದ ಆಗಲೇ ಫೋನ್ ತೆಗೆದಿದ್ದ. ಕೂಗಾಟ ಕೇಳಿ ಒಳಗಿಂದ ಮಾಮಾ ಬಂದಳು. ಎಪ್ಪತ್ತೈದರ ಹೆಂಗಸು, ಕೋಲೂರಿಕೊಂಡು ಶೆಡ್ಡಿನವರೆಗೂ ನಡೆದಳು. ದಾರವನ್ನು ನೋಡಿದಳು, ಮುದಕಪ್ಪನನ್ನು ನೋಡಿದಳು.

"ಫೋನ್ ಆಮೇಲೆ. ಬಟ್ಟಲಲ್ಲಿ ನೀರು ತಾ, ಉಪ್ಪು ಹಾಕು. ಗಂಟು ಹಾಕಿದವನೇ ಬಿಚ್ಚಬೇಕು. ಒಂದೊಂದು ಬಿಚ್ಚುವಾಗಲೂ ಯಾಕೆ ಹಾಕಿದೆ ಅಂತ ಬಾಯಿಬಿಟ್ಟು ಹೇಳಬೇಕು. ನಾನು ಕುರಾನ್ ಓದ್ತಾ ಇರ್ತೀನಿ."

ಮುದಕಪ್ಪ ಶೆಡ್ಡಿನ ನೆಲದ ಮೇಲೆ ಮಂಡಿಯೂರಿದ. ಉಗುರು ಗಂಟಿನೊಳಗೆ ಹೋಗಲೊಲ್ಲದು.

"ಇದು ಮೊನ್ನೀದ್ರಿ ಮಾಮಾ. ಕೆಂದನ್ನ ಕೊಳ್ಳಾವ ಛಲೋ ಮನಶ್ಯಾ ಸಿಗಲಿ ಅಂತ."

ಮಿಶಾರಿ ನೆಲ ನೋಡಿದ.

"ಇದು ಹ್ವಾದ ವರ್ಷದ್ದು. ಬಾಬಾ ಇನ್ನೊಂದು ಸಲಾನಾದ್ರೂ ಗಾಡ್ಯಾಗ ಕೂಡ್ಲಿ ಅಂತ. ಕೂಡಲಿಲ್ಲ." ದಾರ ನೀರಿಗೆ ಇಳಿಯಿತು. ಬಾಬಾ ಹಾಸಿಗೆ ಹಿಡಿದಿದ್ದ ವರ್ಷಗಳ ಇನ್ನೆರಡು ಗಂಟನ್ನೂ ಬಿಚ್ಚಿದ. "ಇದು, ಬಾಬಾಗ ಮನಿ ದಾರಿ ಮರಿಯಾಕ್ ಹತ್ತಿದ ವರ್ಷದ್ದು. ಜಹ್ರಾ ರಸ್ತಾದಾಗ ಗಾಡಿ ನಿಲ್ಸಿ ಚಿಕ್ಕ ಹುಡುಗರಂಗ ಅತ್ತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಫಹದ ಫೋನ್ ಹಿಡಿದ ಕೈಯನ್ನು ಕೆಳಗಿಳಿಸಿದ. "ನನಗೆ ಯಾರೂ ಹೇಳಲಿಲ್ಲ," ಎಂದ, ಯಾರಿಗೆ ಅಂತಿಲ್ಲದೆ.

"ಇದು ಕೊರೊನಾದ್ದು. ಆ ವರ್ಷ ಎಲ್ಲಿಗೂ ಹೋಗಲಿಲ್ಲ. ಶೆಡ್ಡಿನಾಗ ಇಂಜಿನ್ ಚಾಲೂ ಮಾಡಿ ಬಾಬಾ ಸುಮ್ನ ಕೇಳ್ಕೋತ ಕುಂದರ್ತಿದ್ರು."

ಹೀಗೆ ಹಿಂದಕ್ಕೆ, ಹಿಂದಕ್ಕೆ. ಕೆಲವು ಗಂಟಿಗೆ ಬ್ರೇಕು, ಕೆಲವಕ್ಕೆ ರೇಡಿಯೇಟರು. ಒಂದಕ್ಕೆ ಅವನಿಗೆ ಏನೂ ನೆನಪಾಗಲಿಲ್ಲ. "ಮರ್ತೀನ್ರಿ ಮಾಮಾ," ಎಂದು ಕಣ್ಣೊರೆಸಿಕೊಂಡ. ಅವಳ ತುಟಿ ಅಲುಗುತ್ತಲೇ ಇತ್ತು, ನಿಲ್ಲಲಿಲ್ಲ. ಕಟ್ಟಕಡೆಯದು ಮೊದಲನೆಯ ವರ್ಷದ್ದು. ಎಷ್ಟು ಬಿಗಿದಿತ್ತೆಂದರೆ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು.

"ಇದು ನನಗ ಹಾಕ್ಕೊಂಡಿದ್ದು. ಈ ಮನ್ಯಾಗ ಅನ್ನದ ಋಣ ಇರ್ಲಿ ಅಂತ."

ಮಾಮಾ ನೀರನ್ನೂ ದಾರವನ್ನೂ ಕವಡೆಗಳನ್ನೂ ಅಂಗಳದ ಬೋರೆಮರದ ಬುಡಕ್ಕೆ, ಯಾರೂ ತುಳಿಯದ ಕಡೆ, ತಾನೇ ಸುರಿದಳು. "ಫಹದ್, ಫೋನ್ ಜೇಬಿಗೆ ಹಾಕು," ಎಂದಳು.

ಪೊಲೀಸರು ಬರಲಿಲ್ಲ. ಆದರೆ ಮಿಶಾರಿಯ ಮನಸ್ಸಿನ ಗಂಟು ಬಿಚ್ಚಲಿಲ್ಲ. ಮುದಕಪ್ಪನ ಹತ್ತಿರ ಬಂದು, ಮುಖ ತಪ್ಪಿಸಿ ಹೇಳಿದ: "ಭಾಯಿ, ನೀನು ಒಳ್ಳೆಯವನೇ. ನನ್ನ ಮನೆಯಲ್ಲಿ ಅಮ್ಮ ಇದ್ದಾಳೆ, ಸಣ್ಣ ಮಕ್ಕಳಿದ್ದಾರೆ. ಕೇಳಿದರೆ ಹೆದರ್ತಾರೆ. ಗಾಡಿ ಒಯ್ತೀನಿ. ನಿನ್ನನ್ನ ಆಗಲ್ಲ."

ದುಡ್ಡು, ಹೆಸರು ಬದಲಾವಣೆ ಎಲ್ಲ ಫೋನಿನ ಆ್ಯಪಿನಲ್ಲೇ ಮುಗಿಯಿತು. ಮಿಶಾರಿ ಗಾಡಿಯಲ್ಲಿ ಕೂತು ಚಾವಿ ತಿರುಗಿಸಿದ. ಇಂಜಿನ್ನು ಇನ್ನೂ ಬಿಸಿ. ಕೆಂದ ಕೆಮ್ಮಿತು. ಪೆಡಲ್ ಒತ್ತಿ ಬಿಟ್ಟ, ಒತ್ತಿ ಬಿಟ್ಟ. ಹತ್ತಲಿಲ್ಲ. ಮೂರು ಜನರೂ ಮುದಕಪ್ಪನನ್ನೇ ನೋಡಿದರು.

ಈಗ ಅವನು ಸುಮ್ಮನೆ ನಿಂತರೆ ಸಾಕಿತ್ತು. ಇವತ್ತಲ್ಲ ನಾಳೆ, ಯಾವುದೋ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಾಗ ಮಿಶಾರಿಯೇ ಫೋನ್ ಮಾಡುತ್ತಿದ್ದ. ಹೆದರಿಕೆಗಿಂತ ಗರಜು ದೊಡ್ಡದು. ಮುದಕಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕಿಟಕಿಯ ಹತ್ತಿರ ಹೋಗಿ ಬಗ್ಗಿದ.

"ತುಳದ್ ತುಳದ್ ಬಿಡಬ್ಯಾಡ್ರಿ, ಪೆಟ್ರೋಲ್ ತುಂಬ್ಕೋತೈತಿ. ಬಿಸಿ ಇದ್ದಾಗ ಪೆಡಲ್ ಪೂರಾ ಒತ್ತಿ ಹಿಡೀರಿ. ಬಿಡಬ್ಯಾಡ್ರಿ. ಹಂಗ ಹಿಡ್ಕೊಂಡ ಚಾವಿ ತಿರುಗಸ್ರಿ. ಹತ್ತಿದ ಮ್ಯಾಲ ಕಾಲ್ ಸಡ್ಲ ಬಿಡ್ರಿ."

ಮಿಶಾರಿ ಹಾಗೇ ಮಾಡಿದ. ಕೆಂದ ಗುಡುಗಿತು.

"ನಿನ್ನ ಕೈಗೆ ಮಾತ್ರ ಕೇಳ್ತದೆ ಅಂದಿದ್ದೆ?"

"ಸುಳ್ಳ ಹೇಳಿದ್ದೆ, ಸಾಹೇಬ್ರ. ಇಷ್ಟ ಇದ್ದದ್ದು. ಮತ್ತ ಬ್ಯಾರೆ ಏನೂ ಮುಚ್ಚಿಟ್ಟಿಲ್ಲ."

ಮಿಶಾರಿ ಗೇರು ಹಾಕಿದ. ಗಾಡಿ ಗೇಟು ದಾಟಿತು. ತಿರುವಿನಾಚೆಯೂ ಸ್ವಲ್ಪ ಹೊತ್ತು ಅದರ ಸದ್ದು ಇತ್ತು. ಫಹದ ಗೇಟು ಮುಚ್ಚುತ್ತ, ಮೊದಲಿನ ಗಡಸಿಲ್ಲದೆ, "ತಿಂಗಳ ಕೊನೆಗೆ ಟಿಕೆಟ್ ಮಾಡಿಸ್ತೀನಿ, ಮುದಕ್," ಎಂದ.

ಸಂಜೆ ರೋಹಿದಾಸನ ಫೋನ್ ಬಂತು. "ಎಂತಾಯ್ತು ಮುದಕಪ್ಪಣ್ಣ? ಕೊಂಡ್ರಾ?"

"ಕೆಂದನ್ನ ಕೊಂಡ್ರಪಾ."

"ಮತ್ತೆ ನಿಮ್ಮನ್ನು?"

"ನನ್ನ ಸುಳಿ ನೆಟ್ಟಗ ಇರಲಿಲ್ಲ ನೋಡು," ಎಂದು ಫೋನ್ ಇಟ್ಟ. ಊರಿಗೆ ಮಾಡಲಿಲ್ಲ. ಕಾಂಚನಾಳ ಮಿಸ್ಡ್ ಕಾಲ್ ಎರಡಿದ್ದವು.

ಶೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆ ಹಾಗೇ ಇತ್ತು. ಮುದಕಪ್ಪ ಸೋಪಿನ ಪುಡಿ ಹಾಕಿ, ಬ್ರಷ್ ಹಿಡಿದು ತಿಕ್ಕಿದ. ಹತ್ತೊಂಬತ್ತು ವರ್ಷದ ಎಣ್ಣೆ, ಹೋಗಲಿಲ್ಲ. ಬೆಳಿಗ್ಗೆ ಮಾಮಾ ಬೋರೆಮರಕ್ಕೆ ನೀರು ಹಾಕಲು ಆ ದಾರಿಯಲ್ಲೇ ಬರುತ್ತಾಳೆ. ಕೋಲು ಜಾರೀತು ಅಂತ, ಒಂದು ಹೊಸ ರಟ್ಟು ತಂದು ಕಲೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಟೇಪು ಅಂಟಿಸಿದ.